ಉಡುತಡಿಯಿಂದ ಕದಳಿಗೆ: ಒಲ್ಲದ ಮದುವೆಯ ಮನೆಯಿಂದ ಹೊರನಡೆದ ಅಕ್ಕ

ದವನದ ಹುಣ್ಣಿಮೆಯಂದು ನಾಡಿನ ಮಠಗಳಲ್ಲಿಯೂ ಊರೂರಿನ ಅಕ್ಕನ ಬಳಗಗಳಲ್ಲಿಯೂ ಅಕ್ಕಮಹಾದೇವಿಯ ಜಯಂತಿ ನಡೆಯುತ್ತದೆ. ತೊಟ್ಟಿಲನ್ನು ಹೂವಿನಿಂದ ಸಿಂಗರಿಸಿ, ಜೋಗುಳ ಹಾಡಿ, ತಾಯಂದಿರು ಸರದಿಯಂತೆ ಬಂದು ತೂಗುತ್ತಾರೆ. ಆಮೇಲೆ ಉಪನ್ಯಾಸ. ಬಾಲ್ಯದ ಭಕ್ತಿಯನ್ನು ವಿಸ್ತಾರವಾಗಿ ಹೇಳಿದ ಉಪನ್ಯಾಸಕರು ನಮ್ಮನ್ನು ನೇರವಾಗಿ ಕಲ್ಯಾಣದ ಅನುಭವ ಮಂಟಪಕ್ಕೆ ಕರೆದೊಯ್ಯುತ್ತಾರೆ. ಇವೆರಡರ ನಡುವೆ ಒಂದು ಮದುವೆಯಿದೆ. ಅದನ್ನು ಮಾತ್ರ ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುವುದು ರೂಢಿ. ನಾವೂ ಎಷ್ಟೋ ವರ್ಷ ಹಾಗೆಯೇ ದಾಟಿದ್ದೇವೆ. ಶರಣಬಂಧುಗಳೇ, ಈ ಬಾರಿ ಆ ಮದುವೆಯ ಮನೆಯ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನಮಗೆ ಅನಿಸಿದೆ.

ತಾಯಿಯನ್ನೂ ಅಕ್ಕನನ್ನೂ ಏಕವಚನದಲ್ಲಿ ಕರೆಯುವುದು ಕನ್ನಡಿಗರ ಸಲುಗೆ. ಆ ಸಲುಗೆಯನ್ನು ಇಲ್ಲಿಯೂ ಇಟ್ಟುಕೊಂಡಿದ್ದೇವೆ.

ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿ ಉಡುತಡಿ ಇದೆ. ಅಲ್ಲಮಪ್ರಭುಗಳ ಊರಾದ ಬಳ್ಳಿಗಾವಿ ಅಲ್ಲಿಂದ ದೂರವಿಲ್ಲ. 12ನೆಯ ಶತಮಾನದಲ್ಲಿ ಮಠಗಳಿಂದಲೂ ದೇವಾಲಯಗಳಿಂದಲೂ ಹೆಸರಾಗಿದ್ದ ಸೀಮೆ ಅದು. ಮಹಾದೇವಿಯ ತಂದೆತಾಯಿಗಳ ಹೆಸರನ್ನು ಕವಿಗಳು ಬೇರೆ ಬೇರೆಯಾಗಿ ಹೇಳುತ್ತಾರೆ. ಹರಿಹರನು ಅವರನ್ನು ಶಿವಭಕ್ತ, ಶಿವಭಕ್ತೆ ಎಂದಷ್ಟೇ ಕರೆದರೆ, ಚಾಮರಸನು ನಿರ್ಮಲ, ಸುಮತಿ ಎಂಬ ಹೆಸರುಗಳನ್ನು ಕೊಡುತ್ತಾನೆ. ಹೆಸರು ಯಾವುದಾದರೂ ಇರಲಿ, ಅವರು ದೈವಭಕ್ತರಾದ ಸಾಧಾರಣ ಗೃಹಸ್ಥರು. ಬಹುಕಾಲ ಹಂಬಲಿಸಿ ಪಡೆದ ಮಗಳು ಮಹಾದೇವಿ. ಎಳವೆಯಲ್ಲಿಯೇ ಗುರುವಿನಿಂದ ದೀಕ್ಷೆ ಪಡೆದ ಆ ಬಾಲೆಯ ಮನಸ್ಸು ಚೆನ್ನಮಲ್ಲಿಕಾರ್ಜುನನಲ್ಲಿ ನೆಲೆನಿಂತಿತು. ಅವನನ್ನೇ ತನ್ನ ಗಂಡನೆಂದು ಅವಳು ಭಾವಿಸಿದಳು. ಈ ಮಾತನ್ನು ನಾವು ಭಕ್ತಿಯ ಅಲಂಕಾರವೆಂದು ಕೇಳಿ ಸುಮ್ಮನಾಗುತ್ತೇವೆ. ಆ ಹುಡುಗಿಗೆ ಅದು ಅಲಂಕಾರವಾಗಿರಲಿಲ್ಲ. ತನ್ನ ಬಾಳನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಅವಳು ತಾನೇ ನಿರ್ಧರಿಸಿದ್ದಳು.

ಅಕ್ಕನ ಬದುಕನ್ನು ಮೊದಲು ಕಾವ್ಯವಾಗಿ ಹೇಳಿದವನು ಹಂಪೆಯ ಹರಿಹರ. ಅಕ್ಕನ ಕಾಲಕ್ಕೆ ಹತ್ತಿರದವನು, ಕ್ರಿ.ಶ. 1200ರ ಸುಮಾರಿನವನು. ಅವನ ಮಹಾದೇವಿಯಕ್ಕನ ರಗಳೆಯಲ್ಲಿ ಮುಂದಿನ ಘಟನೆ ಹೀಗಿದೆ. ಊರಿನ ಅರಸನಾದ ಕೌಶಿಕನು ಮೆರವಣಿಗೆಯಲ್ಲಿ ಬೀದಿಯಲ್ಲಿ ಸಾಗುತ್ತಿದ್ದಾಗ ಮಹಾದೇವಿಯನ್ನು ಕಂಡನು. ಕಂಡವನು ಅರಮನೆಗೆ ಮರಳಿದ ಮೇಲೆ ಊಟ ನಿದ್ದೆಗಳನ್ನು ಬಿಟ್ಟನು. ಮಂತ್ರಿಗಳು ಹೆಣ್ಣು ಕೇಳಲು ಬಂದರು. ಭವಿಯಾದವನಿಗೆ ಮಗಳನ್ನು ಕೊಡಲಾರೆವೆಂದು ತಂದೆತಾಯಿಗಳು ನಿರಾಕರಿಸಿದರು. ಮೊದಲು ಆಸೆ ತೋರಿಸಲಾಯಿತು, ಆಮೇಲೆ ಭಯ. ಕೊಡದಿದ್ದರೆ ತಂದೆತಾಯಿಗಳ ಪ್ರಾಣ ಉಳಿಯದೆಂಬ ಬೆದರಿಕೆ ಆ ಮನೆಯೊಳಗೆ ಬಂದಿತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಅರಸನು ಮಹಾದೇವಿಯನ್ನು ಕೊಲ್ಲುವೆನೆಂದು ಬೆದರಿಸಲಿಲ್ಲ. ಹಾಗೆ ಬೆದರಿಸಿದ್ದರೆ ಅವಳು ನಕ್ಕು ಸುಮ್ಮನಿರುತ್ತಿದ್ದಳೇನೋ. ಅವಳಿಗೆ ಪ್ರಿಯರಾದವರ ಕುತ್ತಿಗೆಯ ಮೇಲೆ ಕತ್ತಿ ಇಟ್ಟು ಅವಳಿಂದ ಒಪ್ಪಿಗೆ ಕೇಳಿದನು. ಹೆದರಿದ ತಂದೆತಾಯಿಗಳು ಕೊನೆಗೆ ಮಗಳ ಮುಂದೆಯೇ ನಿಂತರು. ಒಂದು ಗಳಿಗೆಯ ಹಿಂದೆ ಅವಳ ಪರವಾಗಿ ಇಲ್ಲವೆಂದವರು ಈಗ ಅವಳಿಂದ ಹೌದು ಎನ್ನುವ ಮಾತನ್ನು ನಿರೀಕ್ಷಿಸಿದರು. ಅವರನ್ನು ನಾವು ಹಳಿಯುವುದಿಲ್ಲ. ಸಾವಿನ ಭಯದಲ್ಲಿ ನಿಂತವರನ್ನು ಎಂಟು ನೂರು ವರ್ಷಗಳ ಈಚೆ ಕುಳಿತು ಹಳಿಯುವುದು ಸುಲಭ. ಆದರೆ ಇಂದು ಮಗಳ ಮುಂದೆ ಹೀಗೆಯೇ ನಿಲ್ಲುವ ತಂದೆತಾಯಿಗಳ ತಲೆಯ ಮೇಲೆ ಯಾವ ಅರಸನ ಕತ್ತಿಯೂ ಇಲ್ಲ. ಮಾತು ಕೊಟ್ಟಾಗಿದೆ, ಬೀಗರು ಏನೆಂದುಕೊಂಡಾರು, ಒಪ್ಪದಿದ್ದರೆ ನಾನು ವಿಷ ಕುಡಿಯುತ್ತೇನೆ, ನಿನ್ನ ತಮ್ಮನಿಗೆ ನಾಳೆ ಯಾರು ಹೆಣ್ಣು ಕೊಟ್ಟಾರು. ಇಂಥ ಮಾತುಗಳಿಂದ ಹೊರಡಿಸಿದ ಹೌದು ಎಂಬುದನ್ನು ಮಗಳ ಒಪ್ಪಿಗೆಯೆಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಆಶೀರ್ವಚನಕ್ಕೆಂದು ಮಠಕ್ಕೆ ತರುವ ಪತ್ರಿಕೆಗಳಲ್ಲಿ ಇಂಥವು ಎಷ್ಟಿರುತ್ತವೆಯೋ, ಅವುಗಳ ಮೇಲೆ ಭಸ್ಮವಿಡುವಾಗ ನಾವು ವಿಚಾರಿಸಿಲ್ಲ.

ಮಹಾದೇವಿ ಒಪ್ಪಿದಳು. ಒಪ್ಪುವಾಗಲೂ ತನ್ನನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ತನ್ನ ಇಚ್ಛೆಯಂತೆ ಲಿಂಗಪೂಜೆಯಲ್ಲಿರುವೆನು, ತನ್ನ ಇಚ್ಛೆಯಂತೆ ಮಾಹೇಶ್ವರರ ಸಂಗದಲ್ಲಿರುವೆನು, ತನ್ನ ಇಚ್ಛೆಯಂತೆ ಗುರುಸೇವೆ ಮಾಡುವೆನು, ಇವುಗಳಿಗೆ ಅಡ್ಡಿ ಬರಬಾರದು ಎಂದು ಕರಾರು ಹಾಕಿದಳು. ಮೂರು ತಪ್ಪುಗಳವರೆಗೆ ತಾಳಿಕೊಳ್ಳುವೆನು, ಅದನ್ನು ಮೀರಿದರೆ ಇರಲಾರೆನು ಎಂಬುದೂ ಆ ಕರಾರಿನ ಭಾಗವಾಗಿತ್ತು. ಬಲವಂತಕ್ಕೆ ಸಿಕ್ಕ ಹೆಣ್ಣುಮಗಳೊಬ್ಬಳು ಬಾಗಿಲು ಮುಚ್ಚುವ ಮೊದಲೇ ಹೊರಬರುವ ದಾರಿಯನ್ನು ಗುರುತು ಮಾಡಿಟ್ಟುಕೊಂಡಳು. ಕೌಶಿಕನು ಎಲ್ಲಕ್ಕೂ ತಲೆಯಾಡಿಸಿದನು. ಬೇಕಾದದ್ದು ಕೈಗೆ ಸಿಗುವವರೆಗೆ ತಲೆಯಾಡಿಸುವುದು ಕಷ್ಟವಲ್ಲ.

ಅರಮನೆಯಲ್ಲಿ ಹಗಲು ಲಿಂಗಪೂಜೆ, ಜಂಗಮ ದಾಸೋಹ, ಶಿವಾನುಭವ. ಇರುಳು ಅಂತಃಪುರ. ಹರಿಹರನು ಈ ಇಬ್ಬಗೆಯ ಬಾಳನ್ನು ಮುಚ್ಚಿಡುವುದಿಲ್ಲ. ತನಗೆ ಹೇಸಿಗೆಯಾದ ಸಂಗದಲ್ಲಿ ದಿನಗಳನ್ನು ನೂಕುವ ಹೆಣ್ಣಿನ ಸಂಕಟವನ್ನು ಅವನು ಕಂಡಿದ್ದಾನೆ, ಕಂಡದ್ದನ್ನು ಬರೆದಿದ್ದಾನೆ. ಕೌಶಿಕನು ಕೊಟ್ಟ ಮಾತನ್ನು ಒಂದರ ಹಿಂದೊಂದರಂತೆ ಮುರಿದನು. ಭಕ್ತರು ಬಂದಾಗ ಅಡ್ಡ ಬಂದನು. ಪೂಜೆಯಲ್ಲಿದ್ದಾಗ ತಾಳ್ಮೆಗೆಟ್ಟನು. ಕೊನೆಗೆ ಗುರುವು ಬಂದಿದ್ದಾನೆಂದು ಅವಳು ಧಾವಿಸಿ ಎದ್ದಾಗ ಉಟ್ಟ ಬಟ್ಟೆಯನ್ನು ಹಿಡಿದೆಳೆದು, ದೊಡ್ಡ ಭಕ್ತೆಯಾದವಳಿಗೆ ಉಡಿಗೆಯೇಕೆ ಎಂಬ ಅರ್ಥದಲ್ಲಿ ಅಣಕಿಸಿದನು. ಮೂರು ತಪ್ಪು ತುಂಬಿತು. ಅವಳು ಒಡವೆಗಳನ್ನೂ ಬಟ್ಟೆಯನ್ನೂ ಅಲ್ಲಿಯೇ ಬಿಟ್ಟು ಹೊರನಡೆದಳು. ಮೈಯನ್ನು ನೀಳವಾದ ಕೂದಲು ಮುಚ್ಚಿತ್ತು.

ಆ ದಿಗಂಬರತೆಯನ್ನು ವೈರಾಗ್ಯದ ತುತ್ತತುದಿಯೆಂದು ನಾವು ಕೊಂಡಾಡುತ್ತೇವೆ, ಅದು ಸರಿಯೇ. ಅದಕ್ಕೂ ಮೊದಲು ಅದು ಒಬ್ಬ ಗಂಡನು ಹೆಂಡತಿಯ ಸೆರಗಿಗೆ ಕೈಹಾಕಿದ ಕ್ಷಣ ಎಂಬುದು ಮಾತ್ರ ನಮ್ಮ ಉಪನ್ಯಾಸಗಳಲ್ಲಿ ಬರುವುದಿಲ್ಲ. ಅವಮಾನ ಮಾಡಲು ಎಳೆದ ಬಟ್ಟೆಯನ್ನು ಅವಳು ಮರಳಿ ಕೇಳಲಿಲ್ಲ. ಹೀಗಾಗಿ ಅವಮಾನ ಎಳೆದವನ ಕೈಯಲ್ಲಿಯೇ ಉಳಿಯಿತು.

ಇನ್ನು ಕವಿಗಳ ನಡುವಿನ ಭಿನ್ನಾಭಿಪ್ರಾಯಕ್ಕೆ ಬರೋಣ. ಹರಿಹರನ ತರುವಾಯ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು. ಅಲ್ಲಿ ಮಹಾದೇವಿಯು ಅರಮನೆಗೆ ಹೋಗುತ್ತಾಳೆ, ಕರಾರು ಹಾಕುತ್ತಾಳೆ, ಅದು ಮುರಿದ ಕೂಡಲೇ ಹೊರಡುತ್ತಾಳೆ. ಮದುವೆಯ ಬಾಳು ನಡೆಯುವುದೇ ಇಲ್ಲ. ಮುಂದಿನವರು ಹೆಚ್ಚಾಗಿ ಇದೇ ಜಾಡಿನಲ್ಲಿ ಸಾಗಿದರು. ಅಕ್ಕನಿಗೆ ಮದುವೆಯಾಗಿತ್ತೇ ಇಲ್ಲವೇ ಎಂದು 20ನೆಯ ಶತಮಾನದ ವಿದ್ವಾಂಸರೂ ಎರಡು ಪಕ್ಷವಾಗಿ ವಾದಿಸಿದ್ದಾರೆ. ಈ ವಾದದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಮದುವೆಯಾಗಿರಲಿಲ್ಲ ಎಂದು ಕೇಳಿದಾಗ ಭಕ್ತರಾದ ನಮಗೆ ಒಳಗೊಳಗೇ ಒಂದು ನೆಮ್ಮದಿಯಾಗುತ್ತದೆಯಲ್ಲ, ಅದು ಏಕೆ?

ಮುಟ್ಟಿದ್ದರೆ ಅಕ್ಕನ ಪಾವಿತ್ರ್ಯಕ್ಕೆ ಕುಂದು ಬರುತ್ತಿತ್ತು ಎಂಬ ಎಣಿಕೆ ಆ ನೆಮ್ಮದಿಯ ಬುಡದಲ್ಲಿದೆ. ಬಲವಂತ ಮಾಡಿದವನಿಗೆ ಅಂಟದ ಕಳಂಕ ಬಲವಂತಕ್ಕೆ ಸಿಕ್ಕವಳಿಗೆ ಅಂಟುತ್ತದೆ ಎಂದು ಒಪ್ಪಿಕೊಂಡಂತಾಯಿತು. ಮನೆತನದ ಮರ್ಯಾದೆ ಹೆಣ್ಣಿನ ಮೈಯಲ್ಲಿದೆ ಎಂದು ನಂಬಿದವರ ಲೆಕ್ಕವೂ ಇದೇ. ಆ ಲೆಕ್ಕದಿಂದಲೇ ಗಂಡನ ಮನೆಯಿಂದ ಹೊಡೆತ ತಿಂದು ಬಂದ ಮಗಳನ್ನು ಕತ್ತಲಾಗುವ ಮೊದಲೇ ಮರಳಿ ಬಿಟ್ಟುಬರುವುದು, ಬಂದದ್ದನ್ನು ನೆರೆಯವರಿಂದ ಮುಚ್ಚಿಡುವುದು, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಬಾಗಿಲಲ್ಲಿ ನಿಂತು ಹೇಳುವುದು. ಹರಿಹರನಿಗೆ ಇಂಥ ಅಳುಕು ಇರಲಿಲ್ಲ. ಒಲ್ಲದ ಮದುವೆಯಲ್ಲಿ ಬಾಳಿದವಳನ್ನು ಅವನು ಅಷ್ಟೇ ಗೌರವದಿಂದ ಶ್ರೀಶೈಲಕ್ಕೆ ಕರೆದೊಯ್ದು ಶಿವನಲ್ಲಿ ಸೇರಿಸಿದನು. ಅವನ ಕಾವ್ಯವನ್ನು ಓದುವಾಗ ನಾವು ಆ ಧೈರ್ಯಕ್ಕೆ ತಲೆಬಾಗುತ್ತೇವೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕೌಶಿಕನು ಜೈನನಾಗಿದ್ದನು, ಭವಿಯಾಗಿದ್ದನು ಎಂಬುದನ್ನೇ ಹಿಡಿದು ಈ ಕಥೆಯನ್ನು ಅನ್ಯಧರ್ಮದವನ ದೌರ್ಜನ್ಯವೆಂದು ಹೇಳುವವರಿದ್ದಾರೆ. ಕೊರಳಲ್ಲಿ ಇಷ್ಟಲಿಂಗ ಧರಿಸಿದವರ ಮನೆಗಳಲ್ಲಿ ಒಲ್ಲದ ಮದುವೆ ನಡೆದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ಮಾತ್ರ ಹಾಗೆನ್ನಲಿ.

ಉಡುತಡಿಯಿಂದ ಕಲ್ಯಾಣಕ್ಕೆ ಹೋಗುವುದೆಂದರೆ ಮಲೆನಾಡಿನ ಅಂಚಿನಿಂದ ಇಂದಿನ ಬೀದರ್ ಜಿಲ್ಲೆಯವರೆಗೆ ನಾಡನ್ನು ಉದ್ದಕ್ಕೂ ಹಾಯುವುದು. ಆ ದಾರಿಯನ್ನು ಒಬ್ಬಳೇ ನಡೆದಳು. ಭಿಕ್ಷೆಯ ಅನ್ನ, ಕೆರೆಬಾವಿಗಳ ನೀರು, ಪಾಳುಗುಡಿಗಳ ಆಸರೆ ಅವಳ ವಚನಗಳಲ್ಲಿ ಬರುತ್ತವೆ. ದಾರಿಯಲ್ಲಿ ಕಾಡಿದ ಗಂಡಸರೂ ಬರುತ್ತಾರೆ. ಅವರನ್ನು ಅವಳು ಅಣ್ಣಂದಿರೇ ಎಂದು ಕರೆದು, ಸೊರಗಿದ ತನ್ನನ್ನು ಏಕೆ ಮಾತನಾಡಿಸುತ್ತೀರಿ, ಕಾಡಬೇಡಿ ಎಂದು ಕೇಳಿಕೊಳ್ಳುವ ವಚನಗಳಿವೆ. ಅರಮನೆಯಿಂದ ಬಿಡಿಸಿಕೊಂಡವಳನ್ನು ಬೀದಿ ಸುಮ್ಮನೆ ಬಿಡಲಿಲ್ಲ. ಸಾಯುವ, ಕೆಡುವ ಗಂಡಂದಿರನ್ನು ಧಿಕ್ಕರಿಸಿ, ಸಾವಿಲ್ಲದ ಚೆಲುವನಿಗೆ ತಾನು ಒಲಿದೆನೆಂದು ಅವಳು ಸಾರುವುದನ್ನು ನಾವು ಭಜನೆಗಳಲ್ಲಿ ಇಂಪಾಗಿ ಹಾಡುತ್ತೇವೆ. ಹಾಡುವಾಗ ಅದರೊಳಗಿನ ಕಿಚ್ಚು ತಣ್ಣಗಾಗಿಬಿಡುತ್ತದೆಯೇನೋ ಎಂದು ಕೆಲವೊಮ್ಮೆ ಅನಿಸುತ್ತದೆ.

ಹರಿಹರನು ಅವಳನ್ನು ನೇರವಾಗಿ ಶ್ರೀಶೈಲಕ್ಕೆ ಕಳಿಸುತ್ತಾನೆ. ಕಲ್ಯಾಣದ ಪ್ರಸಂಗ ನಮಗೆ ವಿಸ್ತಾರವಾಗಿ ದೊರೆಯುವುದು 15 ಮತ್ತು 16ನೆಯ ಶತಮಾನಗಳಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಗಳಲ್ಲಿ. ಅಲ್ಲಿ ಮೊದಲು ಕಿನ್ನರಿ ಬೊಮ್ಮಯ್ಯನವರು ಅವಳನ್ನು ಪರೀಕ್ಷಿಸುತ್ತಾರೆ. ಆಮೇಲೆ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗಳು. ನಿನ್ನ ಗಂಡನಾರು, ಅವನ ಕುರುಹನ್ನು ಹೇಳು ಎಂಬುದು ಒಂದು. ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಏಕೆ ಮರೆಮಾಡಿಕೊಂಡಿರುವೆ ಎಂಬುದು ಇನ್ನೊಂದು.

ಪ್ರಶ್ನೆಗಳು ಕಠಿಣವಾಗಿವೆ. ಗಂಡನನ್ನು ಬಿಟ್ಟುಬಂದ ಹೆಣ್ಣನ್ನು ಊರ ಪಂಚಾಯಿತಿ ಕೇಳುವ ಪ್ರಶ್ನೆಗಳ ಹಾಗೆಯೇ ಮೊದಲ ನೋಟಕ್ಕೆ ಕೇಳಿಸುತ್ತವೆ. ಅಲ್ಲಮಪ್ರಭುಗಳು ತಾವು ಅರಿತದ್ದನ್ನೇ ಸಭೆಗೆ ತೋರಿಸಲು ಕೇಳಿದರೆಂದು ಹಿರಿಯರು ವ್ಯಾಖ್ಯಾನಿಸುತ್ತಾರೆ. ಹಾಗೆಯೇ ಇರಬಹುದು. ನಾವು ಗಮನಿಸುವುದು ಅವಳಿಗೆ ಉತ್ತರಿಸಲು ಸಿಕ್ಕ ಅವಕಾಶವನ್ನು. ಗಂಡಸರೇ ತುಂಬಿದ ಸಭೆಯಲ್ಲಿ ಅವಳ ಪರವಾಗಿ ತಂದೆಯಾಗಲಿ ಸೋದರನಾಗಲಿ ಮಾತನಾಡಬೇಕಾಗಲಿಲ್ಲ. ಹಣ್ಣು ಒಳಗೆ ಮಾಗದೆ ಸಿಪ್ಪೆಯ ಬಣ್ಣ ಬದಲಾಗದೆಂಬ ಹೋಲಿಕೆಯನ್ನು ತಂದಳು. ಕೂದಲಿನ ಮರೆ ತನಗಾಗಿ ಅಲ್ಲ, ನೋಡುವ ನಿಮಗೆ ನೋವಾಗದಿರಲೆಂದು ಎಂಬ ಆಶಯದ ಉತ್ತರ ಕೊಟ್ಟಳು. ಬಸವಣ್ಣನವರೂ ಚೆನ್ನಬಸವಣ್ಣನವರೂ ಅವಳ ನಿಲವನ್ನು ಎತ್ತಿಹಿಡಿದರು. ವಯಸ್ಸಿನಲ್ಲಿ ಬಹುತೇಕ ಎಲ್ಲರಿಗಿಂತ ಕಿರಿಯಳಾದವಳನ್ನು ಶರಣರೆಲ್ಲರೂ ಅಕ್ಕ ಎಂದರು.

ಅಕ್ಕ ಎಂಬ ಆ ಕರೆಯನ್ನು ನಾವು ಬರಿಯ ಗೌರವವೆಂದು ತಿಳಿದಿದ್ದೆವು. ಅದೊಂದು ರಕ್ಷಣೆಯೂ ಆಗಿತ್ತೆಂದು ಈಗ ತೋರುತ್ತದೆ. ದಾರಿಯಲ್ಲಿ ಅವಳು ಗಂಡಸರನ್ನು ಅಣ್ಣಾ ಎಂದು ಬೇಡಿಕೊಳ್ಳಬೇಕಾಗಿತ್ತು. ಕಲ್ಯಾಣದಲ್ಲಿ ಗಂಡಸರೇ ಮುಂದಾಗಿ ಅಕ್ಕಾ ಎಂದರು. ಅರಸನ ಹೆಂಡತಿಯೆಂದು ಹೆದರಿ ಅವಳನ್ನು ಮರಳಿ ಕಳುಹಿಸುವ ಮಾತು ಆ ಸಭೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಸ್ವಲ್ಪ ಹೊಂದಿಕೊಂಡು ಹೋಗು ತಾಯಿ, ಗಂಡಸರ ಸ್ವಭಾವವೇ ಹಾಗೆ ಎಂಬ ಬುದ್ಧಿವಾದವನ್ನೂ ಯಾರೂ ಹೇಳಲಿಲ್ಲ. ಮಠಕ್ಕೆ ಬಂದು ಕಣ್ಣೀರಿಟ್ಟ ಹೆಣ್ಣುಮಕ್ಕಳಿಗೆ ಇದೇ ಬುದ್ಧಿವಾದವನ್ನು ನಾವು ಹೇಳಿ ಕಳುಹಿಸಿದ್ದುಂಟು. ಅವರಲ್ಲಿ ಕೆಲವರು ಆಮೇಲೆ ಮತ್ತೆ ಬರಲಿಲ್ಲ. ಹೊಂದಿಕೊಂಡರೆಂದು ನಾವು ಭಾವಿಸಿದೆವು, ವಿಚಾರಿಸಲು ಹೋಗಲಿಲ್ಲ.

ಅದೇ ಕಲ್ಯಾಣದಲ್ಲಿ ಮರ್ಯಾದೆಯ ಹೆಸರಿನಲ್ಲಿ ರಕ್ತವೂ ಹರಿಯಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾದದ್ದನ್ನು ಎಲ್ಲರೂ ಬಲ್ಲಿರಿ. ಇಬ್ಬರೂ ಶರಣರಾದ ಮೇಲೆ ಜಾತಿಯೆಲ್ಲಿ ಎಂದು ಶರಣರು ಕೇಳಿದರು. ವರ್ಣಸಂಕರವೆಂದು ಸನಾತನಿಗಳು ಬಿಜ್ಜಳನಲ್ಲಿ ದೂರು ಒಯ್ದರು. ಹರಳಯ್ಯ, ಮಧುವರಸರ ಕಣ್ಣು ಕೀಳಿಸಿ ಎಳೆಹೂಟೆಗೆ ಗುರಿಮಾಡಿದರೆಂದು ಪರಂಪರೆ ಹೇಳುತ್ತದೆ. ಅಕ್ಕನ ಕಥೆಯಲ್ಲಿ ಹೆಣ್ಣು ಒಲ್ಲದ ಮದುವೆಯನ್ನು ಮಾಡಿಸಲು ಅರಸನು ಕತ್ತಿ ತೋರಿದನು. ಇಲ್ಲಿ ಎರಡೂ ಮನೆಗಳು ಒಪ್ಪಿ ನಡೆಸಿದ ಮದುವೆಯನ್ನು ದಂಡಿಸಲು ಅರಸನು ಕತ್ತಿ ಎತ್ತಿದನು. ಹೆಣ್ಣು ಯಾರಿಗೆ ಸೇರಬೇಕೆಂಬುದನ್ನು ತಾವೇ ನಿರ್ಣಯಿಸಬೇಕೆಂಬ ಹಟ ಎರಡರಲ್ಲಿಯೂ ಒಂದೇ. ಬಹುಪಾಲು ಕಥನಗಳು ಆ ಇಬ್ಬರು ತಂದೆಯರ ಬಲಿದಾನವನ್ನು ವರ್ಣಿಸಿ, ಆ ಮದುಮಗಳು ಮುಂದೆ ಏನಾದಳೆಂಬುದರ ಬಗ್ಗೆ ಮೌನವಾಗಿರುವುದನ್ನೂ ಇಲ್ಲಿ ನೆನೆಯಬೇಕು.

2018ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಕ್ತಿವಾಹಿನಿ ಪ್ರಕರಣದಲ್ಲಿ ತೀರ್ಪಿತ್ತು, ಪ್ರಾಪ್ತವಯಸ್ಕರಾದ ಇಬ್ಬರು ಒಪ್ಪಿ ವಿವಾಹವಾಗುವಾಗ ಕುಟುಂಬದ, ಸಮುದಾಯದ ಅಥವಾ ಕುಲದ ಸಮ್ಮತಿ ಬೇಕಿಲ್ಲವೆಂದು ಸ್ಪಷ್ಟಪಡಿಸಿತು. ಅಂಥವರಿಗೆ ಜೀವಭಯವಿದ್ದರೆ ರಕ್ಷಣೆ ಕೊಡಬೇಕೆಂದು ಸರ್ಕಾರಗಳಿಗೆ ನಿರ್ದೇಶನವನ್ನೂ ನೀಡಿತು. ಹರಳಯ್ಯ, ಮಧುವರಸರ ಸ್ಮರಣೋತ್ಸವ ಮಾಡುವ ನಾವು ಈ ತೀರ್ಪನ್ನು ಮೊದಲು ಸ್ವಾಗತಿಸಬೇಕಾಗಿತ್ತು. ನಮ್ಮ ವಧೂವರ ಸಮಾವೇಶಗಳಲ್ಲಿ ಒಳಪಂಗಡದ ಕಾಲಂ ಇನ್ನೂ ಮೊದಲ ಸಾಲಿನಲ್ಲಿಯೇ ಇದೆ.

ಅಕ್ಕ ಕಲ್ಯಾಣದಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಶರಣರಿಂದ ಬೀಳ್ಕೊಂಡು ಶ್ರೀಶೈಲಕ್ಕೆ ಹೊರಟಳು. ಗಿಡಮರಗಳನ್ನೂ ಗಿಳಿಕೋಗಿಲೆಗಳನ್ನೂ ತನ್ನವನನ್ನು ಕಂಡಿರಾ ಎಂದು ಕೇಳುತ್ತ ಅಲೆದಳು. ಅಲ್ಲಿಯೂ ಹಿಂದಿನ ಬಾಳು ಬೆನ್ನು ಬಿಡಲಿಲ್ಲವೆಂದು ಹರಿಹರನು ಹೇಳುತ್ತಾನೆ. ಮೊದಲು ತಂದೆತಾಯಿಗಳು ಹುಡುಕಿಕೊಂಡು ಬಂದರು. ಮಗಳ ಸ್ಥಿತಿಯನ್ನು ಕಂಡು ಮರುಗಿದರು. ಅವಳು ಅವರ ಮೇಲೆ ಸಿಟ್ಟಾಗಲಿಲ್ಲ, ಸಮಾಧಾನ ಹೇಳಿ ಕಳುಹಿಸಿದಳು. ಆಮೇಲೆ ಕೌಶಿಕನೂ ಬಂದನು. ಈ ಸಲ ಭಕ್ತನ ವೇಷದಲ್ಲಿ ಬಂದಿದ್ದನು. ವಿಭೂತಿ, ರುದ್ರಾಕ್ಷಿಗಳನ್ನು ಧರಿಸಿ ಬಂದರೆ ಅವಳು ಇಲ್ಲವೆನ್ನಲಾರಳೆಂದು ತಿಳಿದಿದ್ದನು. ವೇಷ ಭಕ್ತನದಾದರೂ ಕೇಳಿದ್ದು ಹಿಂದಿನದನ್ನೇ. ಅವಳು ಅವನೊಂದಿಗೆ ಹೋಗಲಿಲ್ಲ.

ಶ್ರೀಶೈಲದ ಕದಳಿಯಲ್ಲಿ ಅಕ್ಕ ಲಿಂಗೈಕ್ಯಳಾದಳು. ಇಂದು ಅಲ್ಲಿಗೆ ಹೋಗುವ ನಮ್ಮ ಭಕ್ತರು ಪಾತಾಳಗಂಗೆಯಲ್ಲಿ ದೋಣಿ ಹತ್ತಿ, ಕೃಷ್ಣೆಯ ಹಿನ್ನೀರಿನ ಮೇಲೆ ಸಾಗಿ, ಅಕ್ಕಮಹಾದೇವಿಯ ಗುಹೆಯನ್ನು ನೋಡಿಬರುತ್ತಾರೆ. ಗುಹೆಯ ಒಳದಾರಿ ಬಹಳ ಇಕ್ಕಟ್ಟು. ಮೈಯನ್ನು ಅಡ್ಡ ಮಾಡಿಕೊಂಡು, ಬಂಡೆಗೆ ಕೈಯೂರಿ, ಒಬ್ಬರ ಹಿಂದೆ ಒಬ್ಬರು ಕತ್ತಲಲ್ಲಿ ನುಸುಳಬೇಕು. ಕೊನೆಯಲ್ಲಿ ಲಿಂಗವಿದೆ.